ಹತ್ತೂವರೆಯಿಂದ ಹನ್ನೆರಡೂವರೆ ತನಕ

ಹಗಲಲ್ಲಿ ಎರಡು ಸಲ ಮಲಗೋ ಮಗುವನ್ನು ಒಂದೇ ನಿದ್ದೆಗೆ ತರೋದು ಹೇಗೆ ಅಂತ ಯಾರನ್ನು ಕೇಳಿದರೂ ಉತ್ತರ ಒಂದೇ. ಬೆಳಗಿನ ನಿದ್ದೆಯನ್ನು ಮೂರ್ನಾಲ್ಕು ದಿನಕ್ಕೊಮ್ಮೆ ಕಾಲು ಗಂಟೆ ಮುಂದೂಡುತ್ತಾ ಹೋಗಿ, ಅದು ತಾನೇ ಮಧ್ಯಾಹ್ನಕ್ಕೆ ಬಂದು ನಿಲ್ಲುತ್ತದೆ. ಲೆಕ್ಕ ಸರಿಯಾಗೇ ಇದೆ, ತಕರಾರಿಲ್ಲ. ನನಗೆ ಕಿರಿಕಿರಿಯಾಗಿದ್ದು ಬೇರೆ ವಿಷಯಕ್ಕೆ. ಹನ್ನೆರಡೂವರೆಗೆ ಮಗು ಮಲಗಬೇಕು ಅಂದ್ರೆ ಹನ್ನೆರಡರ ಸುಮಾರಿಗೆ ಅದರ ಊಟ ಮುಗಿದಿರಬೇಕು. ಊಟ ಮುಗೀಬೇಕು ಅಂದ್ರೆ ಹನ್ನೊಂದೂವರೆಗೆ ಅನ್ನ, ಸಾರು ತಯಾರಿರಬೇಕು. ಅದನ್ನ ಮಾಡೋದು ಯಾವಾಗ? ಮೊದಲಾದರೆ ಬೆಳಗಿನ ನಿದ್ದೆಯ ಹೊತ್ತಿನಲ್ಲೇ ಅಡುಗೆ ಆಗ್ತಿತ್ತು. ಆ ನಿದ್ದೆಯನ್ನೇ ಈಗ ತೆಗೆದುಹಾಕಿ ಅಂತಿದ್ದಾರಲ್ಲ! ಮಗುವಿನ ನಿದ್ದೆ ಬದಲಾಗೋದು ಅಂದ್ರೆ ಇಡೀ ಮನೆಯ ದಿನಚರಿಯೇ ಜರುಗೋದು. ಇದನ್ನು ಮಾತ್ರ ಯಾವ ರೀಲ್ಸಿನವರೂ ಹೇಳೋದಿಲ್ಲ.

ನಾವಿರೋದು ಕಾರವಾರದಲ್ಲಿ, ನನ್ನ ತವರು ಶಿರಸಿ ಕಡೆ ಒಂದು ತೋಟದ ಮನೆ. ನಾನು ನಾಲ್ಕಾರು ಅಂಗಡಿಗಳ ಲೆಕ್ಕಪತ್ರ ನೋಡಿಕೊಂಡು, ಅವರ ಜಿಎಸ್‌ಟಿ ತುಂಬಿಕೊಡೋ ಕೆಲಸವನ್ನು ಮನೆಯಿಂದಲೇ ಮಾಡ್ತೀನಿ. ಕೂಸು ಹುಟ್ಟಿದ ಮೇಲೆ ಈ ಕೆಲಸ ನಿಂತಿದ್ದೇ ಅದರ ಬೆಳಗಿನ ನಿದ್ದೆಯ ಮೇಲೆ. ಒಂಬತ್ತೂವರೆಗೆ ಮಲಗಿದರೆ ಹನ್ನೊಂದರ ತನಕ ನನಗೆ ನನ್ನದೇ ಅನ್ನೋ ಹೊತ್ತು. ಕುಕ್ಕರ್ ಒಂದು ಕಡೆ, ಲ್ಯಾಪ್‌ಟಾಪ್ ಒಂದು ಕಡೆ. ಹಾಗಾಗಿ ಆ ನಿದ್ದೆ ಸಡಿಲವಾಗ್ತಿದೆ ಅಂತ ಗೊತ್ತಾದಾಗ ನನಗೆ ಮೊದಲು ಬಂದ ಯೋಚನೆ ಕೂಸಿನದ್ದಲ್ಲ, 20ನೇ ತಾರೀಕಿನದ್ದು. ಜಿಎಸ್‌ಟಿ ಕೆಲಸ ಮಾಡೋರಿಗೆ ಗೊತ್ತಿರುತ್ತದೆ, ರಿಟರ್ನ್ ತುಂಬೋ ಕೊನೆಯ ದಿನಗಳಾದ 11 ಮತ್ತು 20 ಅಂದ್ರೆ ಏನು ಅಂತ. ಇರಲಿ, 20 ದಾಟಲಿ, ಆಮೇಲೆ ನೋಡೋಣ ಅಂದುಕೊಂಡೆ. ಈಗಲೂ ಅದು ಸರಿಯಾದ ತೀರ್ಮಾನ ಅಂತಲೇ ನನ್ನ ಅಭಿಪ್ರಾಯ. ಮಗು ತಯಾರಿದೆಯಾ ಅಂತ ನೋಡೋ ಹಾಗೆ ಅಮ್ಮನಿಗೆ ಪುರುಸೊತ್ತಿದೆಯಾ ಅಂತಲೂ ನೋಡಬೇಕು.

ಮಗು ತಯಾರಾಗಿದೆ ಅನ್ನೋದು ಗೊತ್ತಾಗೋದು ಮಧ್ಯಾಹ್ನದ ನಿದ್ದೆಯಿಂದ. ಬೆಳಿಗ್ಗೆ ಆರಾಮಾಗಿ ಮಲಗುತ್ತದೆ. ಮೂರು ಗಂಟೆಗೆ ಮಲಗಿಸಲು ಹೋದರೆ ಕಣ್ಣು ಬಿಟ್ಟುಕೊಂಡು ಹಾಸಿಗೆ ತುಂಬಾ ಉರುಳಾಡುತ್ತದೆ. ತಟ್ಟಿ ತಟ್ಟಿ, ಅಂತೂ ನಾಲ್ಕೂವರೆಗೆ ಮಲಗಿತು ಅಂದ್ರೆ ರಾತ್ರಿ ಹತ್ತಾದರೂ ಆಟವೇ. ಅಥವಾ ಮಧ್ಯಾಹ್ನದ ನಿದ್ದೆ ಇಲ್ಲವೇ ಇಲ್ಲ, ಆರು ಗಂಟೆಗೆ ಸುಮ್ನೆ ಸುಮ್ನೆ ಅಳು. ಒಂದೆರಡು ದಿನ ಹೀಗಾದರೆ ಏನೂ ಅಲ್ಲ, ಹಲ್ಲು ಬರ್ತಿರಬಹುದು, ಶೀತ ಆಗಿರಬಹುದು. ವರ್ಷ ತುಂಬೋ ಹೊತ್ತಿಗೆ ನಡೆಯಲು ಕಲಿಯೋ ಸಂಭ್ರಮದಲ್ಲಿ ಎಷ್ಟೋ ಮಕ್ಕಳು ಕೆಲವು ದಿನ ನಿದ್ದೆಗೆ ಹಟ ಮಾಡಿ, ಆಮೇಲೆ ತಾವಾಗೇ ಎರಡು ನಿದ್ದೆಗೆ ವಾಪಸ್ ಬರ್ತಾರೆ. ಆಗಲೇ ಒಂದಕ್ಕೆ ಇಳಿಸೋ ಅವಸರ ಬೇಡ. ಎರಡು ವಾರ ಬಿಡದೆ ಇದೇ ಕಥೆ ಆದರೆ ಮಾತ್ರ ಹೊತ್ತು ಬಂತು ಅಂತ ಅರ್ಥ. ಹೆಚ್ಚಿನ ಮಕ್ಕಳಿಗೆ ಅದು 13ರಿಂದ 18 ತಿಂಗಳೊಳಗೆ ಬರುತ್ತದೆ. ನಮ್ಮ ಕೂಸಿಗೆ ಒಂದೂಕಾಲು ವರ್ಷ ಆಗಿತ್ತು.

ಯಾಕೆ ಹೀಗಾಗುತ್ತದೆ ಅನ್ನೋದಕ್ಕೆ ನಿದ್ದೆಯ ವಿಜ್ಞಾನಿಗಳು ಬಳಸೋ ಒಂದು ಲೆಕ್ಕ ಇದೆ. 1982ರಲ್ಲಿ ಅಲೆಕ್ಸಾಂಡರ್ ಬೋರ್ಬೆಲಿ ಅನ್ನೋರು ಮಂಡಿಸಿದ್ದು. ನಿದ್ದೆ ಎರಡು ಸಂಗತಿಗಳ ಕೈಯಲ್ಲಿದೆ ಅಂತ ಅವರ ಮಾತು. ಒಂದು, ಎಚ್ಚರ ಇದ್ದಷ್ಟು ಹೊತ್ತು ಒಳಗೆ ಏರುತ್ತಾ ಹೋಗೋ ನಿದ್ದೆಯ ಒತ್ತಡ. ಇನ್ನೊಂದು, ಹಗಲು-ರಾತ್ರಿಯನ್ನು ಹಿಂಬಾಲಿಸೋ ಮೈಯೊಳಗಿನ ಗಡಿಯಾರ. ಎಳೆ ಮಗುವಿಗೆ ಆ ಒತ್ತಡ ಬೇಗ ಏರುತ್ತದೆ, ಸಣ್ಣ ತಂಬಿಗೆ ಬೇಗ ತುಂಬಿದ ಹಾಗೆ. ಬೆಳೆದ ಹಾಗೆ ತಂಬಿಗೆ ದೊಡ್ಡದಾಗುತ್ತದೆ, ತುಂಬಲು ಹೊತ್ತು ಹಿಡಿಯುತ್ತದೆ. ಹನ್ನೊಂದಕ್ಕೆ ಎದ್ದ ಮಗುವಿಗೆ ಮೂರಕ್ಕೆ ಮತ್ತೆ ನಿದ್ದೆ ಬರಲಿಲ್ಲ ಅಂದ್ರೆ ಅದು ಹಟವಲ್ಲ, ತುಂಬಿಲ್ಲ ಅಷ್ಟೇ. ನನ್ನ ಆಯಿ, ಅಂದ್ರೆ ಅಮ್ಮ, ಇದನ್ನೆಲ್ಲ ಓದಿದವಳಲ್ಲ. ನಾನು ಮೂರು ಗಂಟೆಗೆ ಕೂಸನ್ನು ಹೆಗಲ ಮೇಲೆ ಹಾಕಿಕೊಂಡು ಜಗಲಿಯ ಈ ತುದಿಯಿಂದ ಆ ತುದಿಗೆ ತಿರುಗುತ್ತಿದ್ದಾಗ, ಅಡಿಕೆ ಸುಲಿಯುತ್ತಾ ಕೂತವಳು ಕತ್ತು ಕೂಡ ಎತ್ತದೆ ಹೇಳಿದಳು, "ನಿದ್ದೆ ಬೈಂದಿಲ್ಲೆ ಅದ್ಕೆ, ಬಿಡೇ."

ಮಿಂದು ಮಲಗೋದು

ನಮ್ಮ ಕಡೆ ಬೆಳಗಿನ ನಿದ್ದೆ ಅನ್ನೋದು ಬರೀ ನಿದ್ದೆ ಅಲ್ಲ. ಅದರ ಹಿಂದೆ ಬಚ್ಚಲಿದೆ. ತವರಿನಲ್ಲಿ ಬೆಳಿಗ್ಗೆ ಬಚ್ಚಲ ಒಲೆಗೆ ಅಡಿಕೆ ಹಾಳೆ, ಸೋಗೆ ತುರುಕಿ ಬೆಂಕಿ ಹಚ್ಚಿದರೆ ಹಂಡೆಯ ನೀರು ಮಧ್ಯಾಹ್ನದ ತನಕ ಬಿಸಿ ಇರುತ್ತದೆ. ತೆಳ್ಳೇವಿನ (ತೆಳು ದೋಸೆಯ) ಕೆಲಸ ಮುಗಿದ ಕೂಡಲೇ ಶಿಶು ಮೀಸೋದು. ಎಣ್ಣೆ ಹಚ್ಚಿ, ಕೈಕಾಲು ತಿಕ್ಕಿ, ಬಿಸಿನೀರು ಹೊಯ್ದು, ಮೆತ್ತಗಿನ ಹಳೇ ಸೀರೆಯಲ್ಲಿ ಸುತ್ತಿ ತಂದರೆ ಅರ್ಧ ನಿದ್ದೆ ಬಚ್ಚಲಿನಲ್ಲೇ ಬಂದಿರುತ್ತದೆ. ಹಾಲು ಕುಡಿಸಿ ತೊಟ್ಟಿಲಿಗೆ ಹಾಕಿದರೆ ಮುಗೀತು. ಹುಟ್ಟಿದಾಗಿನಿಂದ ಇದೇ ರೂಢಿ. ಕಾರವಾರಕ್ಕೆ ಬಂದ ಮೇಲೆ ಹಂಡೆ ಹೋಗಿ ಗೀಸರ್ ಬಂತು, ಹೊತ್ತು ಮಾತ್ರ ಅದೇ.

ಹಾಗಾಗಿ ಕಾಲು ಗಂಟೆ ಮುಂದೂಡೋ ಉಪಾಯ ನಮ್ಮಲ್ಲಿ ಬರೀ ಗಡಿಯಾರ ನೋಡಿಕೊಂಡು ನಡೆಯೋ ಹಾಗಿರಲಿಲ್ಲ. ಒಂಬತ್ತಕ್ಕೆ ಮೀಸಿ, ಹತ್ತೂಕಾಲಿಗೆ ಮಲಗು ಅಂದ್ರೆ ಹೇಗೆ? ಬಿಸಿನೀರು ಬಿದ್ದಾಗ ಚರ್ಮದ ರಕ್ತನಾಳಗಳು ಹಿಗ್ಗುತ್ತವೆ. ಮಿಂದ ಮೇಲೆ ಮೈಯೊಳಗಿನ ಬಿಸಿ ಅಲ್ಲಿಂದ ಹೊರಗೆ ಹೋಗಿ ಒಳಗೆ ನಿಧಾನಕ್ಕೆ ತಣ್ಣಗಾಗುತ್ತದೆ, ಮೈ ಅದನ್ನೇ ನಿದ್ದೆಯ ಹೊತ್ತು ಅಂತ ಓದಿಕೊಳ್ಳುತ್ತದೆ. ದೊಡ್ಡವರಿಗೂ ಹಾಗೇ ಅಲ್ವಾ, ಹಬ್ಬದ ದಿನ ಎಣ್ಣೆನೀರು ಆದಮೇಲೆ ಕಣ್ಣು ಎಳೆಯೋದು? ಜೊತೆಗೆ ಹುಟ್ಟಿದಾಗಿನ ಅಭ್ಯಾಸ. ಎರಡೂ ಸೇರಿ ಮಲಗು ಅನ್ನುವಾಗ ನಾನೊಬ್ಬಳು ಎಚ್ಚರ ಇರು ಅಂದರೆ ಯಾರ ಮಾತು ನಡೆಯುತ್ತದೆ ಹೇಳಿ.

ಅದಕ್ಕೇ ನಾವು ನಿದ್ದೆಯನ್ನು ಮುಂದೂಡಲಿಲ್ಲ, ಮೀಯೋದನ್ನು ಮುಂದೂಡಿದೆವು. ಒಂಬತ್ತರಿಂದ ಒಂಬತ್ತೂವರೆ, ಆಮೇಲೆ ಹತ್ತು, ಹೀಗೆ ಹನ್ನೊಂದೂಕಾಲಿನ ತನಕ. ನಿದ್ದೆ ಅದರ ಹಿಂದೆ ಬಂತು. ಎಷ್ಟು ಸಲೀಸಾಗಿ ಅಂದ್ರೆ ನನಗೇ ಆಶ್ಚರ್ಯ. ತವರಿಗೆ ಹೋದಾಗ ಮಾತ್ರ ಆಯಿಗೆ ಇದು ಸರಿ ಕಾಣಲಿಲ್ಲ. "ಹೊತ್ತು ನೆತ್ತಿಗೆ ಬಂದ್ಮೇಲೆ ಶಿಶು ಮೀಸದನೇ?" ಅಂತ ಶುರು ಮಾಡಿದಳು. ಅಪ್ಪ ತೋಟದಿಂದ ಬಂದು ಮಿಂದು, ಪೂಜೆ ಮುಗಿಸಿ ಉಣ್ಣೋದು ಹನ್ನೆರಡರ ಮೇಲೇ ತಾನೆ, ಮಿಂದು ಉಣ್ಣೋದು ನಿಮ್ಮದೇ ಶಾಸ್ತ್ರ ಅಲ್ವಾ ಅಂದೆ. ಇದಕ್ಕೆ ಅವಳ ಹತ್ತಿರ ಉತ್ತರ ಇರಲಿಲ್ಲ. ಒಪ್ಪಿದಳು ಅಂತಲ್ಲ, ಸುಮ್ಮನಾದಳು.

ಅಡುಗೆಯ ಸಮಸ್ಯೆ ಬಗೆಹರಿದಿದ್ದು ಡಬ್ಬಿಯಿಂದ. ನಮ್ಮನೆಯವರಿಗೆ ಬೆಳಿಗ್ಗೆ ಎಂಟೂವರೆಗೆ ಡಬ್ಬಿ ಕಟ್ಟಲೇಬೇಕು. ಮೊದಲು ಅವರಿಗಷ್ಟೇ ಏನೋ ಒಂದು ಮಾಡಿ, ನಮ್ಮಿಬ್ಬರ ಅಡುಗೆ ಆಮೇಲೆ ಮಾಡ್ತಿದ್ದೆ. ಈಗ ಎಂಟಕ್ಕೇ ಎಲ್ಲರದೂ ಆಗುತ್ತದೆ. ಅನ್ನ, ಬೇಳೆ ಒಂದೇ ಕುಕ್ಕರಿನಲ್ಲಿ, ತರಕಾರಿ ಹಿಂದಿನ ರಾತ್ರಿಯೇ ಹೆಚ್ಚಿಟ್ಟಿದ್ದು. ಕೂಸಿನ ಪಾಲಿನ ಅನ್ನವನ್ನು ಸ್ವಲ್ಪ ಜಾಸ್ತಿ ಬೇಯಿಸಿ ಹಾಟ್‌ಕೇಸಿನಲ್ಲಿ ಇಟ್ಟರೆ ಹನ್ನೊಂದೂವರೆಗೂ ಬೆಚ್ಚಗಿರುತ್ತದೆ. ತಿಳಿಸಾರು, ತುಪ್ಪ ಹಾಕಿ ಹಿಸುಕಿ ತಿನ್ನಿಸೋದು. ಬೆಳಿಗ್ಗೆ ನನಗೆ ಏಳೋದು ಬೇಗ ಆಯಿತು, ಅದೊಂದು ದಂಡ.

ಮೀನಿನ ಬುಟ್ಟಿ

ಇನ್ನು ಹತ್ತೂವರೆ. ಎರಡು ನಿದ್ದೆಯ ಮಕ್ಕಳು ಮೂರು-ಮೂರೂವರೆ ಗಂಟೆ ಎಚ್ಚರ ಇದ್ದರೆ ಸುಸ್ತಾಗ್ತಾರೆ, ಒಂದು ನಿದ್ದೆಗೆ ಬರಬೇಕಾದರೆ ಐದು ಗಂಟೆಯಾದರೂ ತಡೆಯಬೇಕು. ಈ ನಡುವಿನ ಗುಂಡಿ ಹತ್ತೂವರೆಯಿಂದ ಹನ್ನೊಂದೂವರೆಗೆ. ಕಣ್ಣು ಉಜ್ಜೋದು, ಕಿವಿ ಎಳೆಯೋದು, ನೆಲದ ಮೇಲೆ ಕವುಚಿ ಮಲಗಿ ಕೆನ್ನೆಯನ್ನು ಟೈಲ್ಸಿಗೆ ಒತ್ತಿಕೊಳ್ಳೋದು. ಟಿವಿ ಹಾಕಿದರೆ ಎಚ್ಚರ ಇರುತ್ತದೆ ನಿಜ, ಆದರೆ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಸಲಹೆಯಲ್ಲಿ ಒಂದು ವರ್ಷದ ಮಕ್ಕಳಿಗೆ ಪರದೆಯೇ ಬೇಡ ಅಂತಿದೆ. ಅದೇ ಸಲಹೆಯಲ್ಲಿ ಒಂದರಿಂದ ಎರಡು ವರ್ಷದ ಮಕ್ಕಳಿಗೆ ದಿನಕ್ಕೆ ಹಗಲು ರಾತ್ರಿ ಸೇರಿ 11ರಿಂದ 14 ಗಂಟೆ ನಿದ್ದೆ, ಕಮ್ಮಿ ಅಂದ್ರೂ 180 ನಿಮಿಷ ಮೈಕೈ ಆಡಿಸೋ ಆಟ ಅಂತಲೂ ಇದೆ. ಪರದೆ ಬಿಟ್ಟು ಆಟ ಅಂತ ನಾನೂ ತೀರ್ಮಾನ ಮಾಡಿದೆ. ಕಾರವಾರದಲ್ಲಿ ಹತ್ತೂವರೆಗೆ ಎಲ್ಲಿ ಆಟ ಆಡಿಸೋದು? ಮಾರ್ಚ್, ಏಪ್ರಿಲ್‌ನಲ್ಲಿ ಆ ಹೊತ್ತಿಗೆ ಸಮುದ್ರದ ದಂಡೆಯ ಮರಳು ಕಾದಿರುತ್ತದೆ, ಗಾಳಿ ಜಿಗುಟು, ಐದು ನಿಮಿಷಕ್ಕೆ ಅಂಗಿ ಬೆನ್ನಿಗೆ ಅಂಟುತ್ತದೆ.

ನಮ್ಮನ್ನು ಕಾಪಾಡಿದ್ದು ಮೀನು ಮಾರುವವಳು. ನಾವು ಮೀನು ತಿನ್ನದವರು, ಇದನ್ನು ಓದಿ ಆಯಿ ಏನನ್ನುತ್ತಾಳೋ. ನಮ್ಮ ಕಟ್ಟಡದ ಕೆಳಗೆ ಹೆಚ್ಚುಕಮ್ಮಿ ಅದೇ ಹೊತ್ತಿಗೆ ಒಬ್ಬಳು ಹೆಂಗಸು ತಲೆ ಮೇಲೆ ಬುಟ್ಟಿ ಹೊತ್ತು ಬರುತ್ತಾಳೆ. ಮೆಟ್ಟಿಲ ಹತ್ತಿರದ ನೆರಳಿನಲ್ಲಿ ಬುಟ್ಟಿ ಇಳಿಸಿ, ಸಿಂಬೆಯನ್ನು ಮಗ್ಗುಲಿಗಿಟ್ಟು, ಮೇಲಿನ ಒದ್ದೆ ಬಟ್ಟೆ ಸರಿಸಿದರೆ ಬಂಗಡೆ, ತಾರ್ಲೆ, ಒಂದೊಂದು ದಿನ ಏಡಿ. ಕೂಸು ನನ್ನ ಸೊಂಟದ ಮೇಲೆ ಕಣ್ಣು ಅರ್ಧ ಮುಚ್ಚಿಕೊಂಡು ಬರೋದು. ಅವಳು ಕೊಂಕಣಿಯಲ್ಲಿ "ಯೋ ಗೋ ಬಾಯ್" ಅಂತ ಕರೆದ ಕೂಡಲೇ ಕಣ್ಣು ಅಗಲ. ಪಕ್ಕದ ಮನೆಯವರು ಬಂಗಡೆಯ ಕಿವಿರು ಎತ್ತಿ ನೋಡಿ ಚೌಕಾಸಿ ಮಾಡುವಾಗ ಕೂಸು ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಬಿಡುತ್ತದೆ. ಏಡಿ ಇದ್ದ ದಿನ ಸ್ವರ್ಗ. ಅದರ ಕೊಂಬಿಗೆ ದಾರ ಕಟ್ಟಿರುತ್ತಾರೆ, ಉಳಿದ ಕಾಲು ಮಾತ್ರ ನಿಧಾನಕ್ಕೆ ಆಡುತ್ತಿರುತ್ತವೆ. ಇದು ಬೆರಳು ಚಾಚೋದು, ಏಡಿ ಕಾಲು ಆಡಿಸಿದ ಕೂಡಲೇ ಹಿಂದಕ್ಕೆ ಎಳೆದುಕೊಂಡು ಕಿರುಚಿ ನಗೋದು, ಮತ್ತೆ ಚಾಚೋದು. ಅವಳೂ ವ್ಯಾಪಾರದ ಮಧ್ಯೆ ಒಂದು ಬಂಗಡೆಯ ಬಾಲ ಹಿಡಿದು ಆಡಿಸಿ ತೋರಿಸುತ್ತಾಳೆ. ಒಂದು ದಿನವೂ ನಾವು ಒಂದು ರೂಪಾಯಿಯ ಮೀನು ತಗೊಂಡವರಲ್ಲ, ಆದರೂ ಅವಳು ಬುಟ್ಟಿ ಇಳಿಸಿದ ಮೇಲೆ ಮೊದಲು ಕೇಳೋದು ಈ ಕೂಸನ್ನೇ. ಮೇಲೆ ಬರೋ ಹೊತ್ತಿಗೆ ಹನ್ನೊಂದು ದಾಟಿರುತ್ತದೆ. ಕೈಯಲ್ಲಿ ಮೀನಿನ ವಾಸನೆ, ಸೀದಾ ಬಚ್ಚಲಿಗೆ. ಮೀಸೋದಕ್ಕೆ ಇದಕ್ಕಿಂತ ಒಳ್ಳೆ ಕಾರಣ ಬೇಕಾ?

ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯೋ ಹಾಗಿಲ್ಲ, ಮೀನೂ ಕಮ್ಮಿ, ಬುಟ್ಟಿ ಬರೋದೂ ಅಪರೂಪ. ಅಷ್ಟು ಹೊತ್ತಿಗೆ ನಮ್ಮ ಕೆಲಸ ಮುಗಿದಿತ್ತು, ಪುಣ್ಯ. ಮಳೆಗಾಲದಲ್ಲಿ ಇದನ್ನು ಶುರು ಮಾಡೋರಿಗೆ ನಾನು ಹೇಳೋದು ಒಂದೇ. ಬಚ್ಚಲಲ್ಲಿ ಒಂದು ಅಗಲ ಪಾತ್ರೆಗೆ ನಾಲ್ಕು ಬೆರಳು ನೀರು ಹಾಕಿ, ಎರಡು ಲೋಟ, ಒಂದು ಸೌಟು ಕೊಟ್ಟು ಪಕ್ಕದಲ್ಲೇ ಕೂತುಕೊಳ್ಳಿ. ಪಕ್ಕದಲ್ಲೇ, ಅಡುಗೆಮನೆಯಿಂದ ಇಣುಕೋದಲ್ಲ. ನೀರು ಇರೋ ಕಡೆ ಈ ವಯಸ್ಸಿನ ಮಕ್ಕಳನ್ನು ಒಂದು ಕ್ಷಣವೂ ಬಿಡಬಾರದು. ಮತ್ತೆ ಆ ಹೊತ್ತಲ್ಲಿ ಮನೆಯ ದೀಪ ಎಲ್ಲ ಹಾಕಿಡಿ. ಮೋಡ ಕವಿದ ದಿನ ಕತ್ತಲೆ ಕೋಣೆಯಲ್ಲಿ ದೊಡ್ಡವರಿಗೇ ತೂಕಡಿಕೆ ಬರುತ್ತದೆ.

ಮೊದಮೊದಲು ಆ ಒಂದು ನಿದ್ದೆ ಮುಕ್ಕಾಲು ಗಂಟೆಗೇ ಮುಗೀತಿತ್ತು. ಇದು ಎಲ್ಲರಿಗೂ ಆಗೋದೇ. ಒಂದು ಸುತ್ತು ನಿದ್ದೆ ಮುಗಿದು ಮಗು ಹಗುರಾಗಿ ಎಚ್ಚರಾಗುತ್ತದೆ, ಇನ್ನೊಂದು ಸುತ್ತಿಗೆ ಹೋಗೋದು ಇನ್ನೂ ರೂಢಿಯಾಗಿರೋದಿಲ್ಲ. ಆ ಹೊತ್ತಿಗೆ ಪಕ್ಕದಲ್ಲಿ ಮಲಗಿ ಬೆನ್ನ ಮೇಲೆ ಕೈ ಇಟ್ಟರೆ ಎಷ್ಟೋ ಸಲ ಮತ್ತೆ ಮಲಗುತ್ತದೆ. ಇಲ್ಲೊಂದು ಅನುಕೂಲ ನಮ್ಮ ಊರಿನದ್ದೇ. ಕಾರವಾರದಲ್ಲಿ ಊಟ ಆದಮೇಲೆ ಊರೇ ಅಡ್ಡಾಗುತ್ತದೆ, ಎಷ್ಟೋ ಅಂಗಡಿಗಳು ಬಾಗಿಲು ಹಾಕಿಕೊಂಡು ನಾಲ್ಕರ ಮೇಲೇ ತೆರೆಯೋದು. ಹಾರ್ನ್ ಇಲ್ಲ, ಕೊರಿಯರ್ ಇಲ್ಲ. ನಾನು ಲೆಕ್ಕ ನೋಡೋ ಅಂಗಡಿಯವರೂ ಮಲಗಿರೋದರಿಂದ ನನಗೂ ಫೋನ್ ಬರೋದಿಲ್ಲ. ಬೆಳಿಗ್ಗೆ ಒಂಬತ್ತೂವರೆಗೆ ಮಲಗುವಾಗ ಕೂಸು ಊರಿಗೆ ವಿರುದ್ಧ ಮಲಗುತ್ತಿತ್ತು, ಕಾಲಿಂಗ್ ಬೆಲ್ ಎಷ್ಟು ಸಲ ಎಬ್ಬಿಸಿದೆಯೋ. ಈಗ ಊರಿನ ಜೊತೆ ಮಲಗುತ್ತದೆ. ಒಂದೆರಡು ತಿಂಗಳಲ್ಲಿ ನಿದ್ದೆ ಎರಡು ಗಂಟೆಗೆ ಬೆಳೆಯಿತು, ನನ್ನ ಕೆಲಸ ಅಲ್ಲಿಗೆ ಹೋಯಿತು. ನನಗೆ ಆ ಹೊತ್ತಲ್ಲಿ ಬರೋ ತೂಕಡಿಕೆಯ ವಿಷಯ ಬೇರೆ.

ದೀಪ ಹಚ್ಚೋ ಹೊತ್ತು

ಹಗಲು ಒಂದು ನಿದ್ದೆ ಕಮ್ಮಿಯಾದ ಮೇಲೆ ರಾತ್ರಿ ಬೇಗ ಮಲಗಿಸಬೇಕು. ಇದೂ ಎಲ್ಲರೂ ಹೇಳೋದೇ, ಮತ್ತೆ ನಿಜವೇ. ಮಿತಿಮೀರಿ ದಣಿದ ಮಗು ಚೆನ್ನಾಗಿ ಮಲಗುತ್ತದೆ ಅಂದುಕೊಳ್ತೀವಿ, ಆಗೋದು ಉಲ್ಟಾ. ಹಟ ಜಾಸ್ತಿ, ರಾತ್ರಿ ನಡುವೆ ಏಳೋದು ಜಾಸ್ತಿ, ಬೆಳಗಿನ ಜಾವ ಐದಕ್ಕೇ ಎಚ್ಚರ. ಆದ್ದರಿಂದ ಕೆಲವು ವಾರ ಆರೂವರೆ-ಏಳಕ್ಕೇ ಮಲಗಿಸಿ ಅಂತಾರೆ.

ಆರೂವರೆ-ಏಳು ಅಂದ್ರೆ ನಮ್ಮಲ್ಲಿ ಯಾವ ಹೊತ್ತು ಅಂತ ಹೇಳಬೇಕಾಗಿಲ್ಲ. "ದೀಪ ಹಚ್ಚ ಹೊತ್ತಲ್ಲಿ ಮನಗ್ಸಲಾಗ" ಅಂತ ಆಯಿ ಫೋನಿನಲ್ಲೇ ಗದರಿದಳು. ನನಗೆ ಆ ನಂಬಿಕೆ ಅಷ್ಟಕ್ಕಷ್ಟೇ. ಆದರೂ ಯೋಚಿಸಿದರೆ ಅದರಲ್ಲಿ ಸ್ವಲ್ಪ ಸರಕಿದೆ. ಆರು ಗಂಟೆಗೆ ಮಗು ಸುಸ್ತಾಗಿ ಎಲ್ಲೋ ಒರಗಿಕೊಂಡು ಅರ್ಧ ಗಂಟೆ ಮಲಗಿಬಿಟ್ಟರೆ ಆ ರಾತ್ರಿ ಕೆಟ್ಟಿತು ಅಂತಲೇ. ಮುಸ್ಸಂಜೆಯ ತುಂಡು ನಿದ್ದೆಯನ್ನು ತಪ್ಪಿಸೋದು ಬೇಗ ಮಲಗಿಸೋರಿಗೂ ಬೇಕು, ಆಯಿಗೂ ಬೇಕು. ನಾವು ದೀಪದ ಹೊತ್ತನ್ನೇ ಗುರುತು ಮಾಡಿಕೊಂಡೆವು. ದೀಪ ಹಚ್ಚೋದು, ಕೂಸು ಕೈಮುಗಿದು ಗಂಟೆ ಬಾರಿಸೋದು (ಅದು ಎಷ್ಟು ಹೊತ್ತು ಬಾರಿಸುತ್ತದೆ ಅನ್ನೋದನ್ನು ಕೆಳಗಿನ ಮನೆಯವರನ್ನು ಕೇಳಬೇಕು), ಕೂಡಲೇ ಊಟ, ಏಳೂಕಾಲಿಗೆ ಹಾಸಿಗೆ. ಆಯಿಗೆ ದೀಪ ಹಚ್ಚಿ ಆದಮೇಲೆ ಅಂತ ಸಮಾಧಾನ, ನಮಗೆ ಎಂಟರ ಒಳಗೆ ಅಂತ ಸಮಾಧಾನ.

ಇದರಲ್ಲಿ ನಷ್ಟ ಆಗಿದ್ದು ಕೂಸಿನ ಅಪ್ಪನಿಗೆ. ಅವರು ಮನೆ ಮುಟ್ಟೋದು ಏಳೂವರೆಗೆ. ಎಷ್ಟೋ ದಿನ ಚಪ್ಪಲಿ ಬಿಟ್ಟು ಒಳಗೆ ಬರೋ ಹೊತ್ತಿಗೆ ಕೋಣೆಯ ಬಾಗಿಲು ಮುಚ್ಚಿರುತ್ತಿತ್ತು. ಒಂದು ದಿನ, "ಹತ್ತು ನಿಮಿಷ ತಡೆದರೆ ಏನಾಗ್ತಿತ್ತು?" ಅಂತ ಕೇಳಿದರು. ಹತ್ತು ನಿಮಿಷ ತಡೆದರೆ ಅಪ್ಪನ ಮುಖ ನೋಡಿದ ಖುಷಿಗೆ ಒಂದೂವರೆ ಗಂಟೆ ಹೋಗುತ್ತದೆ ಅನ್ನೋದು ಇಬ್ಬರಿಗೂ ಗೊತ್ತು. ಇದಕ್ಕೆ ಜಾಣ ಪರಿಹಾರ ನನ್ನ ಹತ್ತಿರ ಇಲ್ಲ. ಬೆಳಿಗ್ಗೆ ಆರರಿಂದ ಎಂಟರ ತನಕ ಕೂಸು ಅವರದ್ದು ಅಂತ ಮಾಡಿಕೊಂಡೆವು. ನನಗೂ ಆ ಹೊತ್ತಲ್ಲಿ ಅಡುಗೆ ಮುಗಿಸಲು ಬೇಕಿತ್ತು. ನಿದ್ದೆ ಗಟ್ಟಿಯಾದ ಮೇಲೆ ರಾತ್ರಿಯ ಹೊತ್ತು ಮೆಲ್ಲಗೆ ಎಂಟಕ್ಕೆ ಸರಿಯಿತು, ಈಗ ಅಪ್ಪ ಮಗಳಿಗೆ ಅರ್ಧ ಗಂಟೆ ಸಿಗುತ್ತದೆ.

ನಡುನಡುವೆ ಎಲ್ಲ ಕೆಡುತ್ತದೆ, ಅದನ್ನೂ ಹೇಳಬೇಕು. ನಮಗೆ ಕೆಡಿಸೋದು ತವರಿನ ದಾರಿಯ ದೇವಿಮನೆ ಘಟ್ಟ. ಶನಿವಾರ ಊಟ ಮುಗಿಸಿ ಕಾರವಾರ ಬಿಟ್ಟು ಅಂಕೋಲಾ, ಕುಮಟಾ ದಾಟಿ ಘಟ್ಟದ ತಿರುವು ಶುರುವಾದ ಕೂಡಲೇ ಕೂಸಿನ ಕತ್ತು ವಾಲುತ್ತದೆ. ಮಧ್ಯಾಹ್ನ ಮಲಗಿ ಎದ್ದಿದ್ದರೂ ಅಷ್ಟೇ. ಆ ತಂಪು, ಆ ತೂಗಾಟ, ಎರಡೂ ಬದಿಗೆ ಕಾಡು, ಎಚ್ಚರ ಇರೋದು ನನಗೇ ಕಷ್ಟ. ಹಾಡು ಹಾಕಿದರೂ ಇಲ್ಲ, ಗಾಜು ಇಳಿಸಿದರೂ ಇಲ್ಲ. ಮನೆ ಮುಟ್ಟಿದಾಗ ಕತ್ತಲಾಗಿರುತ್ತದೆ, ಎದ್ದು ಕೂತು ಅಜ್ಜನ ಟಾರ್ಚ್ ಹಿಡಿದು ಕೊಟ್ಟಿಗೆಗೆ ಹೊರಡುತ್ತದೆ. ಹನ್ನೊಂದರ ತನಕ ಸವಾರಿ. ಇಂಥ ದಿನದ ಮರುದಿನ ನಾನು ಹಟ ಮಾಡೋದಿಲ್ಲ. ಬೆಳಿಗ್ಗೆ ಹತ್ತಕ್ಕೆ ನಿದ್ದೆ ಬಂದರೆ ಇಪ್ಪತ್ತು ನಿಮಿಷ ಮಲಗಲಿ ಅಂತ ಬಿಟ್ಟು, ಎಬ್ಬಿಸಿ, ಮಧ್ಯಾಹ್ನದ್ದನ್ನು ಒಂದು ಗಂಟೆಗೆ ದೂಡ್ತೀನಿ. ಶೀತ ಜ್ವರ ಬಂದಾಗಂತೂ ಎರಡು ನಿದ್ದೆಯೇ. ಒಂದು ನಿದ್ದೆಗೆ ಬಂದಾಯಿತು ಅಂದ ಮೇಲೆ ಒಂದೇ ಆಗಬೇಕು ಅಂತ ಕಾನೂನೇನಿಲ್ಲ, ಒಂದು ತಿಂಗಳೋ ಒಂದೂವರೆಯೋ ಎರಡೂ ಬೆರಕೆಯಾಗೇ ಇರುತ್ತದೆ.

ಈಗ ಮುಂದಿನ ತಲೆಬಿಸಿ ಉಪನಯನದ್ದು. ತವರಿನ ಪಕ್ಕದ ಮನೆಯಲ್ಲಿ, ಹತ್ತಿರದ ನೆಂಟರೇ. ನಮ್ಮ ಕಡೆ ಕಾರ್ಯದ ಮನೆಯ ಊಟದ ಮೊದಲನೇ ಹಂತಿ (ಪಂಕ್ತಿ) ಅಂದ್ರೂ ಒಂದೂವರೆ ಅಂತ ಇಟ್ಟುಕೊಳ್ಳಿ, ಹೆಂಗಸರು ಮಕ್ಕಳಿಗೆ ಎಲೆ ಸಿಗೋದು ಅದರ ಮೇಲೆ. ಹನ್ನೆರಡೂವರೆಗೆ ನಿದ್ದೆ ಬರೋ ಕೂಸನ್ನು ಹಿಡಿದುಕೊಂಡು ಅಲ್ಲಿ ಕಾಯೋದು ನನ್ನಿಂದ ಆಗೋ ಕೆಲಸ ಅಲ್ಲ. ಅನ್ನ-ಸಾರು ಡಬ್ಬಿಯಲ್ಲಿ ಹಾಕಿಕೊಂಡು ಹೋಗಿ, ಹನ್ನೆರಡಕ್ಕೆ ತಿನ್ನಿಸಿ, ಅವರ ಮಾಳಿಗೆಯ ಮೇಲೆ ಎಲ್ಲಾದರೂ ಒಂದು ಚಾಪೆ ಹಾಸಿ ಮಲಗಿಸಿಬಿಡ್ತೀನಿ ಅಂತ ನಿನ್ನೆ ಫೋನಿನಲ್ಲಿ ಆಯಿಗೆ ಹೇಳಿದೆ. ಮಲಗಿಸೋದಕ್ಕೆ ಅವಳದ್ದೇನೂ ಅಡ್ಡಿ ಇಲ್ಲ. "ಅಲ್ದೇ, ಉಪನಯನದ ಮನೆಗೆ ಬುತ್ತಿ ಕಟ್ಗಂಡು ಹೋಪದನೇ?" ಅನ್ನೋದೇ ಅವಳ ಚಿಂತೆ. ಡಬ್ಬಿಯನ್ನು ಡೈಪರ್ ಚೀಲದ ಅಡಿಗೆ ಇಟ್ಟುಕೊಂಡು ಹೋಗು ಅನ್ನೋದರ ಮೇಲೆ ಮಾತು ಸದ್ಯಕ್ಕೆ ನಿಂತಿದೆ.